ಎಲ್‌ಪಿ ವಿಭಾಗದ ಎಸ್‌ಆರ್‌ಜಿ ಕನ್ವೀನರ್ ಆಗಿದ್ದೇನೆ. ನನಗಿಂತ ಹಿರಿಯರ ಹತ್ತಿರ ಕೆಲಸದ ಮಾತು ಹೇಗೆ ಎತ್ತಲಿ?

ಪೆರ್ಲ ಕಡೆಯ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಶಾಲೆಯೊಂದರಲ್ಲಿ ಮೂರನೇ ತರಗತಿಯ ಕನ್ನಡ ಡಿವಿಜನ್ (ಕನ್ನಡ ಮಾಧ್ಯಮ) ಟೀಚರ್. ಸರ್ವೀಸಿಗೆ ಸೇರಿ ಐದು ವರ್ಷ ಆಯಿತು. ಈ ಜೂನಿನಲ್ಲಿ ಎಚ್‌ಎಂ ನನ್ನನ್ನು ಎಲ್‌ಪಿಯ (ಲೋವರ್ ಪ್ರೈಮರಿಯ) ಎಸ್‌ಆರ್‌ಜಿ ಕನ್ವೀನರ್ ಮಾಡಿದ್ದಾರೆ. ಕರ್ನಾಟಕದವರಿಗೆ ಗೊತ್ತಿರಲಿಕ್ಕಿಲ್ಲ. ಕೇರಳದ ಶಾಲೆಗಳಲ್ಲಿ ಟೀಚರ್‌ಗಳೆಲ್ಲ ಒಟ್ಟಿಗೆ ಕೂತು ಪಾಠದ ಯೋಜನೆ ಮಾಡುವ ಕೂಟಕ್ಕೆ ಎಸ್‌ಆರ್‌ಜಿ ಅಂತ ಹೆಸರು. ಒಂದರಿಂದ ನಾಲ್ಕರವರೆಗಿನ ತರಗತಿಗಳ ಕಲಿಕೆಯ ವಿಷಯಕ್ಕೆ ಈಗ ನಾನು ಮುಂದೆ ನಿಲ್ಲಬೇಕು.

ನಾವು ಎಂಟು ಜನ. ನಾಲ್ಕು ಕನ್ನಡ ಡಿವಿಜನ್, ನಾಲ್ಕು ಮಲಯಾಳಂ. ಎರಡು ಮೀಟಿಂಗ್ ಆಯಿತು. ಎರಡರಲ್ಲೂ ನಡೆದದ್ದು ಒಂದೇ: ಸುತ್ತೋಲೆ ಓದಿದೆ, ದಿನಾಚರಣೆಗಳನ್ನು ಹಂಚಿದೆ, ಮಿನಿಟ್ಸ್ ಪುಸ್ತಕಕ್ಕೆ ಎಲ್ಲರೂ ಸಹಿ ಹಾಕಿದರು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು.

ನನ್ನನ್ನು ಕೊರೆಯುವುದು ಬೇರೆ ವಿಷಯ. ಎರಡನೇ ತರಗತಿಯಿಂದ ಈ ವರ್ಷ ನನ್ನಲ್ಲಿಗೆ ಬಂದ 19 ಮಕ್ಕಳಲ್ಲಿ ಆರು ಮಕ್ಕಳಿಗೆ ಒತ್ತಕ್ಷರ ಓದಲು ಬರುವುದಿಲ್ಲ. ಅವರಲ್ಲಿ ಇಬ್ಬರಿಗೆ ಕಾಗುಣಿತವೇ ಗಟ್ಟಿ ಇಲ್ಲ. ಆ ತರಗತಿಯ ಟೀಚರ್‌ಗೆ 22 ವರ್ಷದ ಸರ್ವೀಸ್. ತುಂಬಾ ಒಳ್ಳೆಯವರು, ನನಗೆ ಅಕ್ಕನ ಹಾಗೆ. ಅವರ ಹತ್ತಿರ ಇದನ್ನು ಹೇಗೆ ಹೇಳಲಿ? ಹೇಳದೇ ಇದ್ದರೆ ಈಗ ಅಲ್ಲಿರುವ ಮಕ್ಕಳೂ ಹಾಗೇ ಬರುತ್ತಾರಲ್ವಾ?

ಮುಳ್ಳೇರಿಯದ ನಿವೃತ್ತ ಟೀಚರ್:

ಟೀಚರೇ, ನಿಮ್ಮ ಪ್ರಶ್ನೆ ಓದಿ ನನಗೆ ನನ್ನ ಮೊದಲ ಎರಡು ವರ್ಷ ನೆನಪಾಯಿತು. ನಾನು ಒಂಬತ್ತು ವರ್ಷ ಕನ್ವೀನರ್ ಆಗಿದ್ದೆ. ಆ ಎರಡು ವರ್ಷದ ನನ್ನ ಮಿನಿಟ್ಸ್ ಪುಸ್ತಕ ಬಹಳ ಚಂದ ಇತ್ತು. ಅದರಲ್ಲಿ ಒಂದು ಮಗುವಿನ ಹೆಸರೂ ಇರಲಿಲ್ಲ.

ಒಂದು ವರ್ಷ ಎರಡನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಮನೆಯಲ್ಲಿ ತುಳು. ತಂದೆಗೆ ಅಡಿಕೆ ತೋಟದಲ್ಲಿ ಕೆಲಸ. ಏನು ಕೇಳಿದರೂ ‘ಎಂಕ್ ಗೊತ್ತುಜ್ಜಿ’ (ನನಗೆ ಗೊತ್ತಿಲ್ಲ) ಅನ್ನುತ್ತಿದ್ದ. ಕ್ರಿಸ್ಮಸ್ ಪರೀಕ್ಷೆಯಲ್ಲಿ ಪೇಪರ್ ಖಾಲಿ ಕೊಟ್ಟ. ನಾನು ಎಸ್‌ಆರ್‌ಜಿಯಲ್ಲಿ ಗ್ರೇಡ್ ಓದಿದೆ, ‘ಇ ಗ್ರೇಡ್ ಒಬ್ಬ’ ಅಂತ ಬರೆದೆ, ಮುಂದಿನ ವಿಷಯಕ್ಕೆ ಹೋದೆ. ಮರುವಾರ ಮಧ್ಯಾಹ್ನದ ಊಟ ಬಡಿಸುವಾಗ ಅವನೇ ನನ್ನ ಸೆರಗು ಹಿಡಿದು ಮಾತಾಡತೊಡಗಿದ. ರಾತ್ರಿ ತೋಟಕ್ಕೆ ಪಂಜಿ (ಹಂದಿ) ಬಂದದ್ದು, ದೊಡ್ಡದು ಒಂದು, ಮರಿ ನಾಲ್ಕು, ಎಷ್ಟು ಬಾಳೆ ಬುಡ ಮಗುಚಿತು, ಅಪ್ಪ ಯಾವ ಕಡೆಯಿಂದ ಓಡಿದ್ದು, ಎಲ್ಲ ಸಾಲಾಗಿ ಹೇಳಿದ. ಲೆಕ್ಕ ಒಂದೂ ತಪ್ಪಲಿಲ್ಲ. ಅವನಿಗೆ ಬಾರದೇ ಇದ್ದದ್ದು ಬುದ್ಧಿ ಅಲ್ಲ, ನಮ್ಮ ಪುಸ್ತಕದ ಕನ್ನಡ. ಜೂನಿನಿಂದ ಡಿಸೆಂಬರ್ ತನಕ ಎಂಟು ಜನ ಟೀಚರ್‌ಗಳಲ್ಲಿ ಒಬ್ಬರೂ ಅದನ್ನು ಹುಡುಕಲಿಲ್ಲ. ಹುಡುಕುವ ಹಾಗೆ ಮಾಡಬೇಕಾದವಳು ನಾನು.

ನಮ್ಮ ಕನ್ನಡ ಡಿವಿಜನ್‌ಗಳಲ್ಲಿ ಮನೆಯಲ್ಲಿ ಪುಸ್ತಕದ ಕನ್ನಡ ಮಾತಾಡುವ ಮಕ್ಕಳು ಎಷ್ಟಿದ್ದಾರೆ ಹೇಳಿ. ತುಳು, ಮರಾಠಿ, ಕೊಂಕಣಿ, ಬ್ಯಾರಿ, ಹವ್ಯಕ, ಮಲಯಾಳಂ, ಎಲ್ಲ ಒಂದೇ ಬೆಂಚಿನಲ್ಲಿ. ಜೂನಿನಲ್ಲೇ ಪ್ರತಿ ತರಗತಿಯಿಂದ ‘ಈ ಮಗುವಿನ ಮನೆಮಾತು ಇದು’ ಅಂತ ಬರೆಸಿ ಇಟ್ಟುಕೊಳ್ಳಿ. ಒಂದೇ ಹಾಳೆ ಸಾಕು.

ಅಲ್ಲಿಂದ ಮೇಲೆ ನಾನು ಮೀಟಿಂಗಿನ ಮೊದಲ ಇಪ್ಪತ್ತು ನಿಮಿಷ ಸುತ್ತೋಲೆ ಮುಟ್ಟುತ್ತಿರಲಿಲ್ಲ. ಪ್ರತಿಯೊಬ್ಬರೂ ಒಂದು ಮಗುವಿನ ನೋಟ್‌ಬುಕ್ ತರಬೇಕು. ತನಗೆ ದಾರಿ ಕಾಣದ ಮಗುವಿನದ್ದು. ಮೊದಲು ನನ್ನದನ್ನೇ ಮೇಜಿನ ಮೇಲೆ ಇಟ್ಟೆ. ಎರಡು ಮೀಟಿಂಗ್ ಎಲ್ಲರೂ ಸುಮ್ಮನೆ ಕೂತರು. ಮೂರನೆಯದರಲ್ಲಿ ಎಲ್ಲರಿಗಿಂತ ಹಿರಿಯ ಮಾಷ್ (ಮೇಷ್ಟ್ರು) ಒಂದು ಪುಸ್ತಕ ಹೊರಗೆ ತೆಗೆದರು.

ನಿಮ್ಮ ಅಕ್ಕನ ವಿಷಯ ಮೀಟಿಂಗಿನಲ್ಲಿ ಎತ್ತಬೇಡಿ. ಆ ಆರು ಪುಸ್ತಕ ತೆಗೆದುಕೊಂಡು ಒಬ್ಬರೇ ಹೋಗಿ. ‘ಇವರು ಒಂದು ವರ್ಷ ನಿಮ್ಮ ಹತ್ತಿರ ಇದ್ದವರು. ಇವಳು ಯಾವಾಗ ಬಾಯಿ ಬಿಡುತ್ತಾಳೆ, ಇವನಿಗೆ ಏನು ಇಷ್ಟ, ನನಗೆ ಹೇಳಿ’ ಅಂತ ಕೇಳಿ. ಅದು ನಾಟಕ ಅಲ್ಲ. ಅವರಿಗೆ ನಿಜವಾಗಿಯೂ ನಿಮಗಿಂತ ಜಾಸ್ತಿ ಗೊತ್ತಿದೆ.

ಕುಂಬಳೆಯ ಮಾಷ್:

ಮೇಲಿನ ಟೀಚರ್ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಹಿರಿಯರಿಗೂ ಈಗ ಕಷ್ಟ ಇದೆ. 2024ರಲ್ಲಿ ಒಂದು ಮತ್ತು ಮೂರರ ಪುಸ್ತಕ ಬದಲಾಯಿತು, 2025ರಲ್ಲಿ ಎರಡು ಮತ್ತು ನಾಲ್ಕರದ್ದು. ಎರಡೇ ವರ್ಷದಲ್ಲಿ ಎಲ್‌ಪಿ ಪೂರ್ತಿ ಹೊಸತು. ಇಪ್ಪತ್ತು ವರ್ಷ ಕೈಗೆ ಕೂತಿದ್ದ ಪಾಠಗಳು ಹೋದವು. ಅವರು ಮೀಟಿಂಗಿನಲ್ಲಿ ಮಾತಾಡದೇ ಇರುವುದಕ್ಕೆ ಅದೂ ಕಾರಣ ಇರಬಹುದು.

ಕನ್ವೀನರ್ ಮಾಡಬೇಕಾದ ಒಂದು ದೊಡ್ಡ ಕೆಲಸ ವರ್ಕ್‌ಶೀಟಿನದ್ದು. ಮಲಯಾಳಂ ಡಿವಿಜನ್‌ಗೆ ಬೇಕಾದ್ದೆಲ್ಲ ಫೋನಿನಲ್ಲೇ ಸಿಗುತ್ತದೆ. ಕನ್ನಡದ ಟೀಚರ್ ರಾತ್ರಿ ಕೂತು ತಾನೇ ಬರೆಯಬೇಕು. ನಾಲ್ಕು ಜನ ನಾಲ್ಕು ಕಡೆ ಒಬ್ಬೊಬ್ಬರೇ ಬರೆಯುವುದು ಬೇಡ. ಹತ್ತಿರದ ಎರಡು ಮೂರು ಕನ್ನಡ ಶಾಲೆಗಳವರನ್ನು ಸೇರಿಸಿ ಪಾಠ ಹಂಚಿಕೊಳ್ಳಿ. ನಾವು ಮೂರು ಶಾಲೆಯವರು ಹೀಗೆ ಮಾಡುತ್ತಿದ್ದೇವೆ. ಸುತ್ತೋಲೆಯನ್ನು ಹಿಂದಿನ ದಿನವೇ ಕನ್ನಡದಲ್ಲಿ ಮೂರು ಸಾಲು ಮಾಡಿ ವಾಟ್ಸಾಪಿಗೆ ಹಾಕಿ. ಮೀಟಿಂಗಿನ ಅರ್ಧ ಹೊತ್ತು ಉಳಿಯುತ್ತದೆ.

ಮಳೆಯ ರಜೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಜೂನ್, ಜುಲೈಯಲ್ಲಿ ಕಲೆಕ್ಟರ್ ರಜೆ ಕೊಟ್ಟ ದಿನಗಳೆಲ್ಲ ಸೇರಿದರೆ ಓಣಂ ಪರೀಕ್ಷೆ ಮೈಮೇಲೆ ಬರುತ್ತದೆ. ಆಗ ಮೊದಲು ಬಿಟ್ಟುಹೋಗುವುದು ಓದುವ ಪೀರಿಯಡ್. ಜೂನ್ 19ರ ವಾಚನ ದಿನಕ್ಕೆ ಪೋಸ್ಟರ್ ಅಂಟಿಸುತ್ತೇವೆ, ಆಮೇಲೆ ಓದಿಸುವುದನ್ನೇ ಬಿಡುತ್ತೇವೆ. ನನಗೆ ಬಹಳ ಬೇಸರದ ವಿಷಯ ಇದು. ಸ್ಕಾಲರ್‌ಶಿಪ್ ಪರೀಕ್ಷೆಯನ್ನು ನಾಲ್ಕನೇ ತರಗತಿಯ ಟೀಚರ್ ತಲೆಗೆ ಮಾತ್ರ ಕಟ್ಟುವುದೂ ಸರಿಯಲ್ಲ.

ಇನ್ನೊಬ್ಬರ ಕ್ಲಾಸ್ ನೋಡಬೇಕು ಅಂತಿದ್ದರೆ, ವಾರಕ್ಕೊಂದು ಪೀರಿಯಡ್ ಅದಲು ಬದಲು ಮಾಡಿ. ನೀವು ಅವರ ಮಕ್ಕಳಿಗೆ ಕಥೆ ಹೇಳಿ, ಅವರು ನಿಮ್ಮ ಮಕ್ಕಳಿಗೆ ಲೆಕ್ಕ ಮಾಡಿಸಲಿ. ತಪಾಸಣೆಗೆ ಬಂದರು ಅಂತ ಯಾರಿಗೂ ಅನ್ನಿಸುವುದಿಲ್ಲ.

ಬದಿಯಡ್ಕದ ಒಬ್ಬ ಅಮ್ಮ:

ನಾನು ಟೀಚರ್ ಅಲ್ಲ, ಎರಡನೇ ತರಗತಿಯ ಹುಡುಗಿಯ ತಾಯಿ. ಒಂದೇ ಕೋರಿಕೆ. ಕ್ಲಾಸ್ ಪಿಟಿಎಯನ್ನು (ಹೆತ್ತವರ ಸಭೆಯನ್ನು) ಅಡಿಕೆ ಕೊಯ್ಲಿನ ದಿನಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಇಡಬೇಡಿ. ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಬಾರದೇ ಇದ್ದರೆ ಮನೆಯವರಿಗೆ ಕಾಳಜಿ ಇಲ್ಲ ಅಂತಾಗುತ್ತದೆ. ಮತ್ತೆ, ಮಗುವಿಗೆ ಓದಲು ಬರುವುದಿಲ್ಲ ಅಂದರೆ ಜುಲೈಯಲ್ಲೇ ಹೇಳಿ ಟೀಚರೇ. ಮಾರ್ಚಿನಲ್ಲಿ ಹೇಳಿದರೆ ನಾವು ಏನು ಮಾಡುವುದು?

ಪೆರ್ಲ ಕಡೆಯ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಮಳೆಗೆ ಮಕ್ಕಳು ಕಡಿಮೆ ಇದ್ದರು. ಮಧ್ಯಾಹ್ನ ಆರು ಪುಸ್ತಕ ಹಿಡಿದು ಅಕ್ಕನ ಕ್ಲಾಸಿಗೆ ಹೋದೆ. ಅವರು ಒಂದೊಂದೇ ತೆರೆದು ನೋಡಿದರು, ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಬ್ಬಳ ಪುಸ್ತಕ ತೋರಿಸಿ, ‘ಇವಳ ಅಮ್ಮ ಕಳೆದ ಸೆಪ್ಟೆಂಬರಿನಿಂದ ಆಸ್ಪತ್ರೆಯಲ್ಲಿದ್ದರು, ಎರಡು ತಿಂಗಳು ಶಾಲೆಗೇ ಬರಲಿಲ್ಲ’ ಅಂದರು. ನನಗೆ ಅದು ಗೊತ್ತೇ ಇರಲಿಲ್ಲ. ಗುರುವಾರ ಕೊನೆಯ ಪೀರಿಯಡಿನಲ್ಲಿ ಆ ಇಬ್ಬರು ಮಕ್ಕಳನ್ನು ತನ್ನ ಕ್ಲಾಸಿಗೆ ಕಳಿಸು ಅಂದಿದ್ದಾರೆ, ಅಲ್ಲಿನ ಮಕ್ಕಳ ಜೊತೆ ಕಾಗುಣಿತ ಓದಿಸುತ್ತಾರಂತೆ. ಮನೆಮಾತಿನ ಹಾಳೆ ಇವತ್ತು ಎಂಟೂ ಡಿವಿಜನ್‌ಗೆ ಕೊಟ್ಟಿದ್ದೇನೆ.