ಕಸದ ಗಾಡಿ ಈಗ ವಾರಕ್ಕೆ ಒಂದೇ ದಿನ, ಅತ್ತೆಯ ಡೈಪರ್ ತಗೊಳ್ಳಲ್ಲ ಅಂತಿದಾರೆ, ಏನ್ಮಾಡೋದು?

ತೋಟದಮನೆ
ಎಲ್ರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಒಂಟಿ ಮನೆ, ಟಾರ್ ರೋಡಿಂದ ಅರ್ಧ ಕಿಲೋಮೀಟರ್ ತೋಟದೊಳಗೆ. ಎರಡು ವರ್ಷದಿಂದ ಪಂಚಾಯ್ತಿ ಕಸದ ಗಾಡಿ ವಾರಕ್ಕೆ ಎರಡು ಸಲ ನಮ್ಮ ತಿರುವಿನ ತನಕ ಬರ್ತಿತ್ತು, ಏನು ಕೊಟ್ರೂ ತಗೊಂಡು ಹೋಗ್ತಿದ್ರು. ಹೋದ ತಿಂಗಳಿಂದ ಎಲ್ಲ ಬದಲಾಗಿದೆ. ಬುಧವಾರ ಒಂದೇ ದಿನ, ಒಣ ಕಸ ಮಾತ್ರ, ಅದೂ ಬಸ್ ಸ್ಟಾಪ್ ಹತ್ರ ನಾವೇ ತಂದು ಕೊಡಬೇಕು, ತಿಂಗಳಿಗೆ 50 ರೂಪಾಯಿ ಬೇರೆ.

ಹಸಿ ಕಸದ್ದು ನಂಗೆ ಚಿಂತೆ ಇಲ್ಲ, ಸಿಪ್ಪೆ ಎಲ್ಲ ದನಕ್ಕೆ, ಉಳಿದಿದ್ದು ಗೊಬ್ಬರದ ಗುಂಡಿಗೆ. ಪ್ಲಾಸ್ಟಿಕ್ಕಿನದೇ ಕಷ್ಟ. ನಿಜ ಹೇಳ್ಬೇಕಂದ್ರೆ ಗಾಡಿ ಬರೋಕೆ ಮೊದಲು ನಮ್ಮನೇಲೂ ಅದು ಬಚ್ಚಲೊಲೆಗೇ ಹೋಗ್ತಿತ್ತು, ಮಳೆಗಾಲದಲ್ಲಿ ಸೌದೆ ಹಸಿ ಇರತ್ತಲ್ಲ, ಒಂದು ಹಾಲಿನ ಕವರ್ ಹಾಕಿದ್ರೆ ತಟ್ಟಂತ ಹತ್ಕೊಳ್ಳತ್ತೆ. ಆ ಅಭ್ಯಾಸ ಬಿಡಿಸೋಕೆ ನಾನು ಎಷ್ಟು ಜಗಳ ಆಡಿದೀನಿ ನಂಗೇ ಗೊತ್ತು. ಈಗ ಮನೆಯವರು ವಾರಗಟ್ಲೆ ಯಾರು ಇಟ್ಕೊಂಡು ಕೂರ್ತಾರೆ ಅಂತ ಮತ್ತೆ ಶುರು ಮಾಡಿದಾರೆ. ಮೊನ್ನೆ ಹಂಡೆ ಒಲೆಯಿಂದ ಅದೇ ಘಾಟು ಬಂತು, ಹೋಗಿ ನೋಡಿದ್ರೆ ಮಗಳು ಒಲೆ ಮುಂದೆ ಕೈ ಕಾಯಿಸ್ತಾ ಕೂತಿದಾಳೆ, ಕಣ್ಣೆಲ್ಲ ಕೆಂಪು. ಎತ್ಕೊಂಡು ಈಚೆ ಬಂದೆ, ಅವತ್ತು ರಾತ್ರಿ ಊಟ ಸೇರ್ಲಿಲ್ಲ ನಂಗೆ.

ಅದಕ್ಕಿಂತ ದೊಡ್ಡದು ಅತ್ತೆಯವರದ್ದು. ಹಾಸಿಗೆ ಹಿಡಿದು ಎಂಟು ತಿಂಗಳಾಯ್ತು, ದಿನಕ್ಕೆ ಮೂರು ಡೈಪರ್. ಗಾಡಿಯವರು ಇದನ್ನ ಮುಟ್ಟೋದೇ ಇಲ್ಲ ಅಂದ್ರು. ಹೂತರೆ ನಾಯಿ ಕೆದಕಿ ತೋಟದ ತುಂಬ ಎಳೆದಾಡ್ತವೆ, ಅಲ್ಲೇ ಕೆಳಗೆ ಬಾವಿ ಇದೆ. ನಿಮ್ಮೂರುಗಳಲ್ಲಿ ಹೇಗೆ ಮಾಡ್ತಾರೆ, ದಯವಿಟ್ಟು ಹೇಳಿ.

ಕಾರ್ಕಳದವ
ನಮ್ಮಲ್ಲಿ ಸಹ ಒಣ ಕಸ ಮಾತ್ರ ಕೊಂಡುಹೋಗುವುದು ಮೇಡಂ, ಸುರುವಿಗೆ ನಮಗೂ ಸಿಟ್ಟು ಬಂದಿತ್ತು. ಆಮೇಲೆ ಒಂದು ಸಲ ನಿಟ್ಟೆಯ ಎಂಆರ್‌ಎಫ್, ಅಂದ್ರೆ ಒಣ ಕಸ ಬೇರೆಬೇರೆ ಮಾಡುವ ಘಟಕ ನೋಡಿ ಬಂದೆ, ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವಷ್ಟು ದೊಡ್ಡದುಂಟು, ಸುತ್ತಿನ ಪಂಚಾಯತ್‌ಗಳದ್ದೆಲ್ಲ ಅಲ್ಲಿಗೇ ಬರುವುದು. ಬೆಲ್ಟಿನ ಮೇಲೆ ಕಸ ಬರ್ತಾ ಇರ್ತದೆ, ಎರಡೂ ಬದಿ ನಿಂತು ಕೈಯಲ್ಲೇ ಹೆಕ್ಕಬೇಕು, ಹಾಲಿನ ಕವರ್ ಬೇರೆ, ನೀರಿನ ಬಾಟ್ಲಿ ಬೇರೆ, ರಟ್ಟು ಬೇರೆ. ಅದ್ರಲ್ಲಿ ಒಂದು ಚೀಲ ಅನ್ನ ಸಾಂಬಾರು ಮೆತ್ತಿಕೊಂಡು ಬಂದ್ರೆ ಪಕ್ಕದ ರಟ್ಟು ಸಹ ಹಾಳು, ತಗೊಳ್ಳುವವರಿಲ್ಲ. ಚಿಪ್ಸು, ಬಿಸ್ಕೆಟಿನ ಹೊಳೆಯುವ ಕವರಿಗಂತೂ ಗುಜರಿಯಲ್ಲಿ ಬೆಲೆಯೇ ಇಲ್ಲ, ಅದು ಸಿಮೆಂಟ್ ಫ್ಯಾಕ್ಟರಿಯ ಕುಲುಮೆಗೆ ಹೋಗುವುದು, ಅಲ್ಲಿಯ ಬಿಸಿಗೆ ಅದು ಪೂರ್ತಿ ಸುಟ್ಟುಹೋಗ್ತದೆ. ಬಚ್ಚಲೊಲೆಯಲ್ಲಿ ಹಾಗೆ ಆಗುವುದಿಲ್ಲ, ಅರೆಬರೆ ಸುಟ್ಟ ವಿಷ ಮನೆಯೊಳಗೇ ತುಂಬ್ತದೆ. ನಿಮ್ಮ ಯಜಮಾನ್ರಿಗೆ ಇದೊಂದು ವಿಷಯ ಹೇಳಿ ಮಾರಾಯ್ರೇ, ಸಣ್ಣ ಮಗು ಇರುವ ಮನೆ.

ವಾರ ಇಟ್ಟುಕೊಳ್ಳುವುದು ಕಷ್ಟ ಇಲ್ಲ. ಹಾಲಿನ ಕವರ್ ಕತ್ತರಿಸುವಾಗ ಮೂಲೆಯ ತುಂಡು ಬೇರೆ ಮಾಡಬೇಡಿ, ಅದು ನೇತಾಡುತ್ತಾ ಇರಲಿ. ಪೂರ್ತಿ ಸೀಳಿ, ಒಮ್ಮೆ ನೀರಲ್ಲಿ ಅಲುಗಿಸಿ, ಆ ನೀರು ಗಿಡಕ್ಕೆ, ಕವರ್ ಕ್ಲಿಪ್ ಹಾಕಿ ಹಗ್ಗಕ್ಕೆ. ಒಣಗಿದ ಮೇಲೆ ಅಕ್ಕಿ ಚೀಲಕ್ಕೆ ತುಂಬಿ ಮೊಳೆಗೆ ನೇತು ಹಾಕಿದ್ರೆ ತಿಂಗಳಾದ್ರೂ ವಾಸನೆ ಇಲ್ಲ, ಇಲಿಯೂ ಬರುವುದಿಲ್ಲ.

50 ರೂಪಾಯಿಯ ಬಗ್ಗೆ: ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದಲ್ಲಿ 5,000ದ ಒಳಗೆ ಜನ ಇರುವ ಹಳ್ಳಿಗೆ ಘನತ್ಯಾಜ್ಯಕ್ಕೆ ಅಂತ ತಲೆಗೆ 60 ರೂಪಾಯಿ ತನಕ ಕೊಡುವುದು ಅಂತ ಇತ್ತು. ಅದು ಶೆಡ್ಡು, ಗಾಡಿಯಂಥದ್ದಕ್ಕೆ. ದಿನದಿನದ ಡೀಸೆಲ್, ಸಂಬಳ ಎಲ್ಲ ಅದ್ರಲ್ಲಿ ಹುಟ್ಟುವುದಿಲ್ಲ, ಹಾಗಾಗಿ ಮನೆಯಿಂದ ತಗೊಳ್ಳುವುದು. ಆದ್ರೆ ರಸೀದಿ ಕೇಳಿ.

ಗಾಡಿ ಅಕ್ಕ
ನಾನು ಹಾಸನದ ಕಡೆಯವಳು, ಸಂಜೀವಿನಿ ಅನ್ನೋ ಹೆಂಗಸರ ಸ್ವಸಹಾಯ ಸಂಘಗಳ ಒಕ್ಕೂಟದಿಂದ ಡ್ರೈವಿಂಗ್ ಕಲ್ತು ಈಗ ಸ್ವಚ್ಛ ವಾಹಿನಿ, ಅಂದ್ರೆ ಪಂಚಾಯ್ತಿ ಕಸದ ಗಾಡಿ ಓಡಿಸ್ತಿರೋಳು. ತಂಗಿ, ನಿನ್ನ ಕಷ್ಟ ನಂಗೆ ಅರ್ಥ ಆಗುತ್ತೆ, ನಮ್ಮವ್ವನ್ನೂ ಎರಡು ವರ್ಷ ನೋಡ್ಕೊಂಡಿದೀನಿ. ಆದ್ರೆ ಗಾಡಿಯೋರು ಯಾಕೆ ಬೇಡ ಅಂತಾರೆ ಅನ್ನೋದನ್ನೂ ಕೇಳು. ಮೊದಮೊದ್ಲು ನಮಗೆ ಜನ ಎಲ್ಲಾ ಒಂದೇ ಚೀಲಕ್ಕೆ ತುಂಬಿ ಕೊಡೋರು. ಶೆಡ್ಡಲ್ಲಿ ಸುರಿದು ಬಿಡಿಸ್ಬೇಕಾದ್ರೆ ರಟ್ಟಿನ ಕೆಳಗೆ ಡೈಪರ್ರು, ಅದ್ರೊಳಗೆ ಎಲ್ಲಾ ಹಂಗೇ ಇರೋದು, ಒಂದಿನ ನನ್ ಜೊತೆಯವಳಿಗೆ ಒಡೆದ ಬಲ್ಬಿನ ಗಾಜು ಗ್ಲೌಸ್ ಸೀಳ್ಕೊಂಡು ಅಂಗೈಗೆ ಹೊಕ್ತು, ನಾಲ್ಕು ಹೊಲಿಗೆ ಬಿತ್ತು. ಅವತ್ತು ಅವಳು ಮಧ್ಯಾಹ್ನ ಬುತ್ತಿ ಬಿಚ್ಚಲೇ ಇಲ್ಲ.

ಈಗ ನಾವು ತಗೊತೀವಿ, ಆದ್ರೆ ಹಿಂಗೆ ಕೊಟ್ರೆ ಮಾತ್ರ. ಒಳಗಿರೋದನ್ನ ಟಾಯ್ಲೆಟ್ಟಿಗೆ ಹಾಕಿ, ಡೈಪರ್ ಬಿಗಿಯಾಗಿ ಸುರುಳಿ ಸುತ್ತಿ ಅದ್ರದ್ದೇ ಟೇಪ್ ಅಂಟಿಸಿ, ನ್ಯೂಸ್ ಪೇಪರಲ್ಲಿ ಎರಡು ಸುತ್ತು ಸುತ್ತಿ ಮೇಲೆ ಕೆಂಪು ಪೆನ್ನಲ್ಲಿ ಗೆರೆ ಎಳಿ. ಬೇರೆ ಚೀಲ, ಬಾಯಿ ಕಟ್ಟಿರ್ಬೇಕು. ಕೆಂಪು ಗೆರೆ ಕಂಡ್ರೆ ನಾವು ಬಿಚ್ಚೋದೇ ಇಲ್ಲ, ನೇರವಾಗಿ ಬೇರೆ ಡ್ರಮ್ಮಿಗೆ. ನಿಮ್ಮ ಗಾಡಿಯವಳ ಹತ್ರ ಹೋಗಿ ಸಮಾಧಾನವಾಗಿ ಮಾತಾಡು, ಹಿಂಗೆ ಕಟ್ಟಿ ಕೊಡ್ತೀನಿ ಅಂತ ಒಂದು ತೋರ್ಸು. ಅವಳು ಒಪ್ಪಿದ್ರೂ ಅದನ್ನ ಎಲ್ಲಿಗೆ ಕಳಿಸ್ತಾರೆ ಅಂತ ಪಿಡಿಓ ಹತ್ರ ಕೇಳಲೇಬೇಕು, ಅದು ಅವಳ ಕೈಲಿಲ್ಲ. ಮತ್ತೆ ಹಗಲು ಹೊತ್ತು ಹಳೇ ಪಂಚೆ ಬಟ್ಟೆ, ಕೆಳಗೆ ರಬ್ಬರ್ ಶೀಟ್ ಹಾಕು, ರಾತ್ರಿಗೆ ಮಾತ್ರ ಡೈಪರ್. ನಾವು ಹಂಗೇ ಮಾಡಿದ್ದು, ಅವ್ವನ ಸೊಂಟದ ಗಾಯಾನೂ ವಾಸಿಯಾಯ್ತು.

ದಿನ ಕಮ್ಮಿ ಮಾಡಿದ್ದು ಯಾಕೆ ಅಂದ್ರೆ, ಇರೋದು ಒಂದು ಗಾಡಿ, ಊರು ಹತ್ತು ಹನ್ನೆರಡು, ಮಿಕ್ಕ ದಿನ ನಾವೇ ಕೂತು ಬಿಡಿಸ್ಬೇಕು.

ಹಾವೇರಿ ರೈತ
ಅಕ್ಕಾರ, ನಿಮ್ಮಲ್ಲಿ ಒಲಿ, ನಮ್ಮಲ್ಲಿ ತಿಪ್ಪಿ. ಮನಿ ಕಸ ಎಲ್ಲಾ ತಿಪ್ಪಿಗೆ ಒಗದು ಬ್ಯಾಸಗ್ಯಾಗ ಗೊಬ್ಬರದ ಜೋಡಿ ಹೊಲಕ್ಕ ಹೇರತಾರ, ಕುಂಟಿ ಹೊಡಿಯೂ ಮುಂದ ಕ್ಯಾರಿಬ್ಯಾಗು, ಗುಟಕಾ ಚೀಟಿ ಕುಂಟಿಗೆ ಸಿಕ್ಕೊಂಡು ಬರತಾವ. ಹ್ವಾದ ವರ್ಷ ನಮ್ಮ ಎಮ್ಮಿ ಹೊಟ್ಟಿ ಉಬ್ಬಿ ಮಲಗಿತ್ತು, ಡಾಕ್ಟರ್ ಹೊಟ್ಟಿ ಕೊಯ್ದು ಒಂದ ಬುಟ್ಟಿ ಪ್ಲಾಸ್ಟಿಕ್ ತಗದ್ರು, ಹಗ್ಗದಂಗ ಹೆಣಕೊಂಡಿತ್ತು. ಎಮ್ಮಿ ಉಳೀಲಿಲ್ಲ. ಅವತ್ತಿಂದ ನಮ್ಮ ಮನ್ಯಾಗ ಗಾಡಿ ಬರ್ಲಿ ಬಿಡ್ಲಿ ತಿಪ್ಪಿಗೆ ಒಂದ ಕವರೂ ಹೋಗೂದಿಲ್ಲ.

ಡೈಪರ್ ಬಗ್ಗೆ ಒಂದ ಮಾತು. 2016ರ ಘನತ್ಯಾಜ್ಯ ನಿಯಮದಾಗ ಡೈಪರ್, ಪ್ಯಾಡು ಚಲೋತ್ನಾಗಿ ಸುತ್ತಿ ಒಣ ಕಸದ ಡಬ್ಬಿಗೆ ಹಾಕ್ರಿ ಅಂತನ ಬರದಿದ್ರು. ಆ ನಿಯಮ ಹೆಚ್ಚಾಗಿ ಪ್ಯಾಟಿ, ಸೆನ್ಸಸ್ ಟೌನಿಗೆ (ಪ್ಯಾಟಿಯಂಗ ಬೆಳದ ದೊಡ್ಡ ಹಳ್ಳಿಗೆ) ಅಂತ ಮಾಡಿದ್ದು ಖರೆ, ಆದ್ರ ಪ್ಯಾಟ್ಯಾಗ ತಗೊಳ್ಳೂದನ್ನ ಹಳ್ಳ್ಯಾಗ ಯಾಕ ತಗೊಳ್ಳಬಾರದು? ಗ್ರಾಮ ಸಭೆದಾಗ ಎದ್ದು ನಿಂತು ಕೇಳ್ರಿ, ಬಾಯಿಮಾತಿಲೆ ಅಲ್ಲ, ಅರ್ಜಿ ಬರದು ಕೊಟ್ಟು ನಡಾವಳಿ ಪುಸ್ತಕದಾಗ ಬರಸ್ರಿ. ಹಾಸಿಗಿ ಹಿಡದ ಹಿರೇರು ನಿಮ್ಮ ಮನ್ಯಾಗ ಒಬ್ಬರ ಇರೂದಿಲ್ಲ, ಊರಾಗ ಹುಡುಕಿದ್ರ ಇನ್ನೂ ನಾಕ ಮನಿ ಸಿಗತಾವ, ಅವರನ್ನೂ ಕರಕೊಂಡು ಹೋಗ್ರಿ.

ತೋಟದಮನೆ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಗಾಡಿ ಅಕ್ಕ, ನೀವು ಹೇಳಿದ ಹಾಗೇ ಸುತ್ತಿ ಒಂದನ್ನ ತಗೊಂಡು ಬುಧವಾರ ಬಸ್ ಸ್ಟಾಪಿಗೆ ಹೋಗಿದ್ದೆ. ನಮ್ಮ ಗಾಡಿಯವಳು ಕೈಗೆ ತಗೊಂಡು ತಿರುಗಿಸಿ ನೋಡಿದ್ಲು, ಹೀಗೆ ಕೊಟ್ರೆ ಒಯ್ತೀನಿ ಅಕ್ಕ, ಆದ್ರೆ ಘಟಕದಲ್ಲಿ ಒಂದು ಮಾತು ಕೇಳ್ಬೇಕು ಅಂದ್ಲು. ಮುಂದಿನ ವಾರ ಹೇಳ್ತಾಳಂತೆ. ಅವಳ ಗ್ಲೌಸಲ್ಲಿ ಎರಡು ಬೆರಳು ತೂತಾಗಿತ್ತು, ಮನೇಲಿ ತೋಟಕ್ಕೆ ಅಂತ ತಂದಿದ್ದ ಒಂದು ಜೊತೆ ಕೊಟ್ಟು ಬಂದೆ. ಊರಲ್ಲಿ ಕೇಳಿದ್ರೆ ಇನ್ನೂ ಮೂರು ಮನೇಲಿ ಇದೇ ಪಾಡು, ಎಲ್ಲ ಸೇರಿ ಅರ್ಜಿ ಬರೀತಿದೀವಿ.

ಹಾಲಿನ ಕವರಿಗೆ ಒಲೆ ಮೇಲೇ ಹಗ್ಗ ಕಟ್ಟಿದೀನಿ, ಬಿಸಿಗೆ ಬೇಗ ಒಣಗತ್ತೆ. ಮನೆಯವರು ಏನೂ ಮಾತಾಡಿಲ್ಲ, ಆದ್ರೆ ಒಲೆ ಹಚ್ಚೋಕೆ ಅಡಿಕೆ ಸಿಪ್ಪೆ ಒಣಗಿಸಿ ಮೂಟೆ ಕಟ್ಟಿ ಇಟ್ಟಿದಾರೆ.

ಇನ್ನೊಂದು ಕೇಳೋದು ಮರೆತೆ, ಅಡಿಕೆಗೆ ಕೊಳೆ ರೋಗ ಬರದ ಹಾಗೆ ಬೋರ್ಡೋ ಔಷಧಿ ಹೊಡೆಯೋ ಸಮಯ, ಅದಕ್ಕೆ ಹಾಕೋ ಮೈಲುತುತ್ತದ ಖಾಲಿ ಪ್ಯಾಕೆಟ್ಟುಗಳಿವೆ. ಅದನ್ನೂ ಒಣ ಕಸಕ್ಕೆ ಹಾಕ್ಬಹುದಾ?

ಗಾಡಿ ಅಕ್ಕ
ಬೇಡ ತಂಗಿ, ಅದನ್ನ ಹಾಲಿನ ಕವರ್ ಜೊತೆ ಸೇರಿಸ್ಬೇಡ. ಪ್ಯಾಕೆಟ್ ಒಳಗೆ ಮೂರು ಸಲ ನೀರು ಹಾಕಿ ಅಲುಗಿಸಿ ಆ ನೀರನ್ನ ಔಷಧಿ ಡ್ರಮ್ಮಿಗೇ ಸುರಿದುಬಿಡಿ. ಒಣಗಿದ ಮೇಲೆ ಬೇರೆ ಚೀಲಕ್ಕೆ ಹಾಕಿ, ಔಷಧಿ ಅಂತ ದಪ್ಪ ಅಕ್ಷರದಲ್ಲಿ ಬರೆದು ನಿಮ್ಮ ಗಾಡಿಯವಳ ಕೈಗೇ ಕೊಡು, ಗಾಡಿ ಹಿಂದಕ್ಕೆ ಎಸೀಬೇಡ.