ಹಳೇ ಟ್ರಾಲಿ ಜಾಕ್ ಎತ್ತುತ್ತದೆ, ನಿಲ್ಲೋದಿಲ್ಲ: ಬಿಚ್ಚಿ ಕಟ್ಟಿದವರು ಹೇಳಿ

ಕೇಳಿದ್ದು, ತಿಪಟೂರಿನಿಂದ:
ಅಪ್ಪನ ಗ್ಯಾರೇಜಿನ 2 ಟನ್ ಟ್ರಾಲಿ ಜಾಕ್ (ಚಕ್ರದ ಮೇಲೆ ಉರುಳೋ, ಎಣ್ಣೆ ಒತ್ತಡದಲ್ಲಿ ಗಾಡಿ ಎತ್ತೋದು) ನನ್ನ ಹತ್ರ ಇದೆ. ನಾನು ಹುಟ್ಟೋಕೆ ಮುಂಚಿನದು, ಬೀಡುಕಬ್ಬಿಣದ ಚಕ್ರ. ಗಾಡಿ ಎತ್ತುತ್ತೆ, ಆದ್ರೆ ಟೀ ಕುಡಿದು ಬರೋಷ್ಟರಲ್ಲಿ ನಾಲ್ಕು ಬೆರಳು ಇಳಿದಿರುತ್ತೆ. ನೆಲದ ಮೇಲೆ ಎಣ್ಣೆ ಬಿದ್ದಿರಲ್ಲ. ಒಳಗೆ ಎಣ್ಣೆ ಸೋರದಂತೆ ತಡೆಯೋ ಭಾಗಗಳ ಸೀಲ್ ಕಿಟ್ ಎಲ್ಲೂ ಸಿಗ್ತಿಲ್ಲ. ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ. ಏನು ಮಾಡ್ಲಿ?

ದಾವಣಗೆರೆಯಿಂದ:
ಗುಜರಿಗೆ ಹಾಕಬೇಡಿ ಸರ್. ಸೀಲ್ ಕಿಟ್ ಹುಡುಕೋದನ್ನೂ ಸ್ವಲ್ಪ ನಿಲ್ಲಿಸಿ. ನೆಲದ ಮೇಲೆ ಎಣ್ಣೆ ಇಲ್ಲ ಅಂದಿರಲ್ಲ, ಅದೇ ಮುಖ್ಯ. ರ‍್ಯಾಮ್ (ಒತ್ತಡಕ್ಕೆ ಹೊರಬಂದು ತೋಳನ್ನು ಎತ್ತೋ ದಂಡ) ಸೀಲ್ ಹೋಗಿದ್ದರೆ ಹೆಚ್ಚಾಗಿ ಎಣ್ಣೆ ಹೊರಗೆ ಜಿನುಗುತ್ತದೆ. ಹೊರಗೆ ಬರದೇ ಇಳಿಯುತ್ತಿದೆ ಅಂದರೆ ಒಳಗೊಳಗೇ ಟ್ಯಾಂಕಿಗೆ ವಾಪಸ್ ಹೋಗುತ್ತಿದೆ. ಭಾರ ಹಾಕಿ ಹಿಡಿ ಬಿಟ್ಟು ನೋಡಿ. ಹಿಡಿ ತಾನಾಗೇ ಮೇಲೇಳುತ್ತಿದ್ದರೆ ಪಂಪಿನಿಂದ ಸಿಲಿಂಡರಿಗೆ ಹೋಗೋ ದಾರಿ ಮುಚ್ಚೋ ಉಕ್ಕಿನ ಗುಂಡು ಸರಿಯಾಗಿ ಕೂರುತ್ತಿಲ್ಲ. ಹಿಡಿ ಅಲ್ಲಾಡದೆ ಜಾಕ್ ಮಾತ್ರ ಇಳಿದರೆ ಮೊದಲ ಅನುಮಾನ, ಜಾಕ್ ಇಳಿಸೋಕೆ ತಿರುಗಿಸೋ ರಿಲೀಸ್ ಸ್ಕ್ರೂ ತುದಿಯ ಗುಂಡಿನ ಮೇಲೆ.

ಇದು ಗೊತ್ತಿಲ್ಲದೆ ನಾನು ನನ್ನ ಜಾಕಿನ ಎಲ್ಲ ಸೀಲ್ ಬದಲಿಸಿ ಕಟ್ಟಿದ್ದೆ. ಮತ್ತೆ ಇಳೀತು. ಇನ್ನೊಂದು ಸಲ ಬಿಚ್ಚಿ, ರಂಧ್ರದೊಳಗೆ ಟಾರ್ಚ್ ಬಿಟ್ಟು ನೋಡಿದೆ. ಗುಂಡು ಕೂರೋ ಅಂಚಿನಲ್ಲಿ ತುಕ್ಕು ತಿಂದ ಗುಳಿ, ಗಸಗಸೆ ಕಾಳಿಗಿಂತ ಚಿಕ್ಕದು. ಟ್ಯಾಂಕಿನ ತಳದಲ್ಲಿ ಕಂದು ಕೆಸರು ಇತ್ತು. ತೇವ ಕೂತು ಕೂತು ತಿಂದಿದ್ದು. ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆ. ಹೊಸ ಗುಂಡು ಕೂರಿಸಿ, ಹಿತ್ತಾಳೆ ಸರಳಿಟ್ಟು ಸಣ್ಣ ಸುತ್ತಿಗೆಯಲ್ಲಿ ಒಂದೇ ಒಂದು ಪೆಟ್ಟು ಕೊಟ್ಟೆ. ಅಂಚಿನಲ್ಲಿ ಸುತ್ತಲೂ ಹೊಳೆಯೋ ಸಣ್ಣ ಗೆರೆ ಮೂಡಿತು, ಅಂದರೆ ಗುಂಡು ಸುತ್ತಲೂ ಕೂರುತ್ತಿದೆ ಅಂತ. ಪೆಟ್ಟು ತಿಂದ ಗುಂಡು ಬಿಸಾಕಿ ಇನ್ನೊಂದು ಹೊಸದು ಹಾಕಿದೆ. ಗುಂಡು ಸೈಕಲ್ ಶಾಪಿನಲ್ಲೇ ಸಿಗುತ್ತದೆ. ಹಿಂದಿನ ಚಕ್ರದ ಹಬ್ಬಿನದು (ಚಕ್ರದ ನಡುವಿನ ಭಾಗ) ಸಾಮಾನ್ಯವಾಗಿ ಕಾಲು ಇಂಚು, ಮುಂದಿನದು 3/16 ಇಂಚು. ನಿಮ್ಮದನ್ನು ವರ್ನಿಯರ್‌ನಲ್ಲಿ ಅಳೆದೇ ತನ್ನಿ.

ಬಿಚ್ಚುವಾಗ ಬಿಳಿ ಬಟ್ಟೆ ಹಾಸಿಕೊಳ್ಳಿ, ಯಾವ ಗುಂಡಿಗೆ ಯಾವ ಸ್ಪ್ರಿಂಗ್ ಅಂತ ಫೋಟೋ ಇರಲಿ. ತೋಳನ್ನು ಕೆಳಕ್ಕೆಳೆಯೋ ದೊಡ್ಡ ಸ್ಪ್ರಿಂಗ್ ಬಿಚ್ಚುವಾಗ ಮುಖ ದೂರ ಇಟ್ಟುಕೊಳ್ಳಿ. ಓವರ್‌ಲೋಡ್ ವಾಲ್ವಿನ (ಭಾರ ಮೀರಿದರೆ ಒತ್ತಡ ಬಿಡೋದು) ಸ್ಕ್ರೂ ಮಾತ್ರ ಮುಟ್ಟಲೇಬೇಡಿ. ಅದನ್ನು ಬಿಗಿ ಮಾಡಿದರೆ 2 ಟನ್ ಜಾಕ್ ತನ್ನ ಶಕ್ತಿ ಮೀರಿ ಎತ್ತೋಕೆ ಹೋಗುತ್ತದೆ, ಮುರಿಯೋದು ನಿಮ್ಮ ಕಣ್ಣೆದುರಿಗೆ.

ಸಾಗರದಿಂದ:
ಅಷ್ಟು ಹಳೇದಾದರೆ ಒಳಗೆ ಚರ್ಮದ ವಾಷರ್ ಇರಬಹುದು. ಪಂಪ್ ಸ್ಟವ್ವಿಗೆ ಹಾಕ್ತಿದ್ದರಲ್ಲ, ಅದೇ ಬಟ್ಟಲಿನಂಥದ್ದು, ದಪ್ಪ ಜಾಸ್ತಿ. ಒಣಗಿ ಮುದುಡಿದ್ದರೂ ಹರಿದಿರದಿದ್ದರೆ ಒಂದು ರಾತ್ರಿ ಜಾಕ್ ಎಣ್ಣೆಯಲ್ಲೇ ನೆನೆಸಿ. ನನ್ನದು ಬೆಳಿಗ್ಗೆ ಹಪ್ಪಳದಿಂದ ದೋಸೆ ಆದಂಗೆ ಮೆತ್ತಗಾಗಿತ್ತು, ಇನ್ನೂ ಕೆಲಸ ಮಾಡ್ತಾ ಇದೆ. ಬಟ್ಟಲಿನ ಬಾಯಿ ಒತ್ತಡ ಬರೋ ಕಡೆಗಿರಲಿ.

ಬೆಂಗಳೂರಿನಿಂದ:
ಒಳಗೆ ರಬ್ಬರ್ ಸೀಲ್ ಇದ್ರೆ ಹಳೇ ಓ-ರಿಂಗ್ (ಬಳೆಯಂಥ ರಬ್ಬರ್ ಸೀಲ್) ಅಳೀಬೇಡಿ ಅಣ್ಣ, ಅದು ಉಬ್ಬಿರುತ್ತೆ ಇಲ್ಲಾ ಸವೆದಿರುತ್ತೆ. ಅದು ಕೂರೋ ಕಾಲುವೆಯ ಅಗಲ, ಆಳ ಮತ್ತೆ ರಾಡಿನ ದಪ್ಪ ಅಳೀರಿ. ಹಳೇ ಜಾಕ್ ಇಂಚಿನ ಲೆಕ್ಕದ್ದಾಗಿರಬಹುದು, ಮಿಲಿಮೀಟರಿಂದು ಬಲವಂತವಾಗಿ ತುರುಕಬೇಡಿ. ಎಸ್.ಪಿ. ರೋಡ್, ಜೆ.ಸಿ. ರೋಡ್ ಕಡೆ ಬಂದಾಗ ಬರೀ 'ಓ-ರಿಂಗ್' ಅನ್ನದೆ '90 ಶೋರ್ ನೈಟ್ರೈಲ್' ಅಂತ ಕೇಳಿ. ಶೋರ್ ಅಂದ್ರೆ ಗಟ್ಟಿತನದ ಅಳತೆ, ನೈಟ್ರೈಲ್ ಅಂದ್ರೆ ಎಣ್ಣೆ ತಡೆಯೋ ರಬ್ಬರ್. ಮಾಮೂಲಿ 70ರದ್ದು ಅಷ್ಟು ಒತ್ತಡಕ್ಕೆ ಸಂದಿಯಲ್ಲಿ ಹಿಂಡಿ ಕತ್ತರಿಸಿ ಹೋಗುತ್ತೆ. ಜೊತೆಗೆ ಓ-ರಿಂಗಿಗೆ ಆಸರೆ ಕೊಡೋ ಟೆಫ್ಲಾನ್ ಬ್ಯಾಕಪ್ ರಿಂಗ್ ಇದ್ರೆ ಅದು ಓ-ರಿಂಗಿನ ಹಿಂದೆ, ಒತ್ತಡ ಬರದ ಕಡೆ ಕೂರಬೇಕು.

ಎಣ್ಣೆ 22 ಅಥವಾ 32 ನಂಬರಿನ ಹೈಡ್ರಾಲಿಕ್ ಆಯಿಲ್. ಬ್ರೇಕ್ ಆಯಿಲ್ ಹಾಕಲೇಬಾರದು! ನಾನು ತಗೊಂಡ ಜಾಕಿಗೆ ಹಿಂದಿನವರು ಅದನ್ನೇ ತುಂಬಿದ್ರು. ನೈಟ್ರೈಲ್ ರಿಂಗು ಉಬ್ಬಿ, ಉಗುರು ತಾಗಿಸಿದ್ರೆ ಮೇಣದ ಥರ ಬರ್ತಿತ್ತು.

ಎಷ್ಟೇ ಚೆನ್ನಾಗಿ ಕಟ್ಟಿದ್ರೂ ಗಾಡಿ ಕೆಳಗೆ ತೂರೋ ಮುಂಚೆ ಸ್ಟ್ಯಾಂಡ್ ಕೊಡಿ. ಇದನ್ನ ಕೈಮುಗಿದು ಹೇಳ್ತಿದೀನಿ.

ಕೇಳಿದವರಿಂದಲೇ, ಎರಡು ವಾರ ಬಿಟ್ಟು:
ಹಿಡಿ ಮೇಲೇಳ್ತಿರಲಿಲ್ಲ. ರಿಲೀಸ್ ಗುಂಡಿನ ಅಂಚಲ್ಲೇ ಗುಳಿ ಇತ್ತು. ಹೊಸ ಗುಂಡು, ಒಂದು ಪೆಟ್ಟು. ಓ-ರಿಂಗ್ ಹೇಗೂ ಬಿಚ್ಚಿದ್ದೀನಲ್ಲ ಅಂತ ಎಲ್ಲಾ ಬದಲಿಸಿದೆ. ಮೊದಲು ಹಿಡಿ ಸ್ಪಂಜಿನ ಹಾಗೆ ಮೆತ್ತಗಿತ್ತು. ರಿಲೀಸ್ ಸ್ಕ್ರೂ ಸಡಿಲಿಸಿಟ್ಟು ಹದಿನೈದು ಸಲ ಪಂಪ್ ಹೊಡೆದ ಮೇಲೆ ಗಾಳಿ ಹೋಯ್ತು. ಜಾಕ್ ಪೂರ್ತಿ ಇಳಿಸಿಯೇ ಎಣ್ಣೆ ತುಂಬಿದೆ, ತೂತಿನ ಅಂಚಿಗಿಂತ ಸ್ವಲ್ಪ ಕೆಳಗೆ ನಿಲ್ಲೋ ಹಾಗೆ. ರಾತ್ರಿ ಅಂಬಾಸಡರ್ ಮುಂಭಾಗ ಎತ್ತಿ, ಪಕ್ಕದಲ್ಲಿ ಸ್ಟ್ಯಾಂಡ್ ಇಟ್ಟು, ಗೋಡೆಗೆ ಬಂಪರ್ ಎತ್ತರ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮಲಗಿದೆ. ಬೆಳಿಗ್ಗೆ ಎರಡು ಮಿಲಿಮೀಟರ್ ಇಳಿದಿತ್ತು, ಅಷ್ಟೇ. ಅಮ್ಮನ್ನ ಕರೆದು ತೋರಿಸಿದೆ.