ಸಹಾಯ ಬೇಕು: ಸಿದ್ದಿ ಮಹಿಳೆಯರು ಹೊಲಿದ ಕೌದಿಗಳ ಬಗ್ಗೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಧಾರವಾಡದ ಒಂದು ಕರಕುಶಲ ಪ್ರದರ್ಶನದಲ್ಲಿ ಉತ್ತರ ಕನ್ನಡದಲ್ಲಿರುವ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿದ ಕೌದಿಗಳನ್ನು (ಹಳೆಯ ಬಟ್ಟೆಯ ಹೊದಿಕೆಗಳನ್ನು) ಮೊದಲ ಬಾರಿಗೆ ಹತ್ತಿರದಿಂದ ನೋಡಿದೆ. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಅದರ ಮೇಲೆ ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ ನಡುವಿನವರೆಗೆ ಸುತ್ತುಸುತ್ತಾಗಿ ಕೈಹೊಲಿಗೆಯಲ್ಲಿ ಕೂರಿಸುತ್ತ ಹೋಗಿರುವ ಆ ಕ್ರಮವನ್ನೂ, ನಾಲ್ಕು ಮೂಲೆಗಳಲ್ಲಿ ತ್ರಿಕೋನವಾಗಿ ಮಡಿಸಿ ಹೊಲಿದ ‘ಫೂಲ’ (ಹೂ) ಎಂಬ ತುಂಡುಗಳನ್ನೂ ನೋಡುತ್ತ ಅರ್ಧ ದಿನ ಅಲ್ಲಿಯೇ ಕಳೆದೆ. ಜೊತೆಗೆ ಬಂದಿದ್ದ ನಮ್ಮ ಅತ್ತೆಯವರಿಗಂತೂ ಪ್ರತಿಯೊಂದರ ಹಿಂಬದಿಯ ಹೊಲಿಗೆಯನ್ನು ತಿರುವಿ ನೋಡದೆ ಸಮಾಧಾನವಾಗಲಿಲ್ಲ. ಆ ಸಂಭ್ರಮದಲ್ಲಿ ಹೊಲಿದವರ ಊರು ಯಾವುದೆಂದು ಕೇಳದೆ ಬಂದದ್ದು ನನ್ನದೇ ತಪ್ಪು.

ಹಳಿಯಾಳ, ಯಲ್ಲಾಪುರ ಅಥವಾ ಮುಂಡಗೋಡ ತಾಲ್ಲೂಕಿನಲ್ಲಿ ಕೌದಿ ಹೊಲಿಯುವ ಮಹಿಳೆಯರಿಂದಲೇ ನೇರವಾಗಿ ಕೊಳ್ಳುವ ದಾರಿಯನ್ನು ತಿಳಿದವರು ದಯವಿಟ್ಟು ತಿಳಿಸಬೇಕು. ಇಬ್ಬರಿಗೆ ಸಾಲುವಷ್ಟು ದೊಡ್ಡದನ್ನು ಮಾಡಿಸಲು ಎಷ್ಟು ತಿಂಗಳು ಮೊದಲೇ ಹೇಳಬೇಕು, ಅಜ್ಜಿ ಉಟ್ಟ ಎರಡು ಇಳಕಲ್ ಸೀರೆಗಳನ್ನು ಕೊಟ್ಟರೆ ಅವನ್ನೇ ಬಳಸಿ ಹೊಲಿದುಕೊಡುತ್ತಾರೆಯೇ ಎಂಬುದೂ ತಿಳಿಯಬೇಕಿದೆ. ಬೆಲೆಯಲ್ಲಿ ಚೌಕಾಸಿ ಮಾಡುವ ಉದ್ದೇಶ ನನಗಿಲ್ಲ. ಫೋನ್ ಸಂಖ್ಯೆಗಳನ್ನು ಇಲ್ಲಿ ಹಾಕದೆ, ಅವರ ಒಪ್ಪಿಗೆ ಪಡೆದು ನನಗೆ ಖಾಸಗಿಯಾಗಿ ಕಳುಹಿಸಬೇಕಾಗಿ ವಿನಂತಿ.